ಪಾದ್ರಿಯ ಕುತ್ತಿಗೆಯ ಗಂಟು

ಕುರಿ ಸಾಕುವವರಿಗೆ ಗಂಟು ಕಂಡರೆ ಭಯವಾಗುವುದಿಲ್ಲ. ನಮ್ಮ ಕಾಂಗರೂ ದ್ವೀಪದಲ್ಲಿ ಕುರಿಮರಿಗಳನ್ನು ಹಿಡಿದು ಕಿವಿಯ ಹಿಂದೆ, ಕುತ್ತಿಗೆಯ ಮೇಲುಭಾಗಕ್ಕೆ ಲಸಿಕೆ ಚುಚ್ಚುತ್ತೇವೆ. ಎಣ್ಣೆ ಬೆರೆಸಿದ ಮದ್ದು ಅದು. ಸ್ವಲ್ಪ ದಿನದಲ್ಲಿ ಅಲ್ಲಿ ಬಟಾಣಿಯಷ್ಟು ಗಂಟು ಏಳುತ್ತದೆ, ಎಷ್ಟೋ ಕುರಿಗಳಲ್ಲಿ ಅದು ಕೊನೆಯ ತನಕ ಹಾಗೇ ಇರುತ್ತದೆ. ಕುರಿ ತನ್ನ ಪಾಡಿಗೆ ಮೇಯುತ್ತದೆ, ಮರಿ ಹಾಕುತ್ತದೆ. ಕೊಳ್ಳಲು ಬಂದವನು ಕಿವಿಯ ಹಿಂದೆ ಬೆರಳಾಡಿಸಿ, ಗಂಟು ಸಿಕ್ಕರೆ ಸಮಾಧಾನದಿಂದ ತಲೆಯಾಡಿಸುತ್ತಾನೆ. ಗಂಟು ಎದ್ದಿದೆ ಎಂದರೆ ಮದ್ದು ಹಿಡಿದಿದೆ ಎಂದೇ ನಾವೆಲ್ಲ ತಿಳಿದವರು.

ಹಾಗಾಗಿ ನಮ್ಮ ಬೆಕ್ಕಿನ ಕುತ್ತಿಗೆಯಲ್ಲಿ ಗಂಟು ಸಿಕ್ಕಿದ ದಿನ ನನಗೆ ಖುಷಿಯೇ ಆಯಿತು.

ಬೆಕ್ಕಿನ ಹೆಸರು ಪಾದ್ರಿ. ಮೈಯೆಲ್ಲ ಕಪ್ಪು, ಗಂಟಲಲ್ಲಿ ಮಾತ್ರ ಬೆಳ್ಳನೆಯ ಪಟ್ಟಿ. ಊಟಕ್ಕೆ ಮೊದಲು ಕಣ್ಣು ಮುಚ್ಚಿ ಕೂರುತ್ತಿದ್ದ, ಉಂಡಾದ ಮೇಲೆ ನಮ್ಮನ್ನೆಲ್ಲ ಪಾಪಿಗಳನ್ನು ನೋಡುವಂತೆ ನೋಡುತ್ತಿದ್ದ. ಹೆಂಡತಿ ನೆರಿಡಾ ಅವನನ್ನು ಕಿಂಗ್ಸ್‌ಕೋಟ್ ಪೇಟೆಯಿಂದ ಬುಟ್ಟಿಯಲ್ಲಿ ತಂದ ದಿನ ನಾನು ಮನೆ ಬಿಟ್ಟು ಉಣ್ಣೆ ಕತ್ತರಿಸುವ ಕೊಟ್ಟಿಗೆಯಲ್ಲಿ ಮಲಗುತ್ತೇನೆಂದು ಹಾರಾಡಿದ್ದೆ. ದ್ವೀಪದ ಕುರಿಗಾರರಿಗೆ ಬೆಕ್ಕೆಂದರೆ ಮೈಯೆಲ್ಲ ಉರಿ. ಕಾಡುಬಿದ್ದ ಬೆಕ್ಕುಗಳ ಹೇಲಿನಿಂದ ಕುರಿಗೆ ರೋಗ ತಗಲಿ ಮಾಂಸದಲ್ಲಿ ಅಕ್ಕಿಕಾಳಿನಂಥ ಬಿಳಿ ಗುಳ್ಳೆಗಳೇಳುತ್ತವೆ, ಕಸಾಯಿಖಾನೆಯವರು ಅಷ್ಟನ್ನೂ ಕೊಯ್ದು ಎಸೆಯುತ್ತಾರೆ. ನಾನೇ ಎಷ್ಟು ಬೆಕ್ಕುಗಳಿಗೆ ಗುಂಡು ಹೊಡೆದಿದ್ದೇನೋ ಲೆಕ್ಕವಿಲ್ಲ. ಪಕ್ಕದ ಜಮೀನಿನ ಕೋಲ್ ಈಗಲೂ ಬೇಲಿಯುದ್ದಕ್ಕೂ ಬೋನು ಇಡುತ್ತಾನೆ. ಮನೆಬೆಕ್ಕನ್ನು ಹೊರಗೆ ಬಿಡುವ ಹಾಗಿಲ್ಲ. ಪಾದ್ರಿಗೆ ಮನೆಯೊಳಗು, ಮತ್ತೆ ಅಡುಗೆಮನೆ ಕಿಟಕಿಗೆ ಹೊಂದಿಸಿ ನಾನೇ ಕಟ್ಟಿಕೊಟ್ಟ ತಂತಿಬಲೆಯ ಪಂಜರ, ಇಷ್ಟೇ ಪ್ರಪಂಚ.

ಹೌದು, ನಾನೇ ಕಟ್ಟಿಕೊಟ್ಟದ್ದು. ಹಾರಾಡಿದವನು ಆ ಚಳಿಗಾಲ ಮುಗಿಯುವುದರೊಳಗೆ ಸೋತುಹೋಗಿದ್ದೆ. ಸಂಜೆ ಬೂಟು ಬಿಚ್ಚಿ ಕುರ್ಚಿಯಲ್ಲಿ ಕೂತರೆ ತೊಡೆಯ ಮೇಲೆ ಧೊಪ್ಪನೆ ಬಂದು ಬೀಳುತ್ತಿದ್ದ. ನನ್ನ ಜೀವಮಾನದಲ್ಲಿ ಕರೆಯದೆ ನನ್ನ ಹತ್ತಿರ ಬಂದು ಕೂತ ಪ್ರಾಣಿ ಅದೊಂದೇ. ಕುರಿ ಓಡಿಹೋಗುತ್ತದೆ, ನಾಯಿ ಅಪ್ಪಣೆಗೆ ಕಾಯುತ್ತದೆ, ನೆರಿಡಾ ಕೆಲಸ ಹೇಳುವುದಕ್ಕೆ ಬರುತ್ತಾಳೆ.

ಕೋಲ್‌ಗೆ ಇದು ಹಬ್ಬವಾಯಿತು. ಬೇಲಿಯಾಚೆಯಿಂದ ಕೂಗುತ್ತಿದ್ದ.

"ಏನೋ ಮೆರ್ವ್, ಈ ಭಾನುವಾರ ನಿಮ್ಮ ಪಾದ್ರಿ ಪ್ರವಚನ ಯಾವುದರ ಮೇಲಪ್ಪಾ? ನೆರೆಯವನ ಕುರಿ ಹುಲ್ಲಲ್ಲಿ ಹೇಲಬೇಡ ಅಂತಲಾ?"

"ಬೋನಿಟ್ಟು ಬದುಕೋರಿಗೆ ನರಕ ಗ್ಯಾರಂಟಿ ಅಂತ. ಬಾ, ಮುಂದಿನ ಸಾಲಲ್ಲಿ ಕೂರಿಸ್ತೀನಿ."

ಪ್ರತಿ ಸೆಪ್ಟೆಂಬರಿನಲ್ಲಿ ನಮ್ಮ ಉಣ್ಣೆ ತೆಗೆದುಕೊಂಡು ನಾನು, ನೆರಿಡಾ ಇಬ್ಬರೂ ಹಡಗಿನಲ್ಲಿ ಸಮುದ್ರ ದಾಟಿ ಅಡಿಲೇಡಿನ ದೊಡ್ಡ ಕೃಷಿ ಪ್ರದರ್ಶನಕ್ಕೆ ಹೋಗುತ್ತೇವೆ. ಆಗ ಪಾದ್ರಿಯನ್ನು ಊರಿನಲ್ಲಿ ಬೆಕ್ಕು ನೋಡಿಕೊಳ್ಳುವವರ ಬಳಿ ಬಿಡಬೇಕು. ವರ್ಷದ ಲಸಿಕೆ ಆಗದ ಬೆಕ್ಕನ್ನು ಅವರು ಬಾಗಿಲೊಳಗೆ ಸೇರಿಸುವುದಿಲ್ಲ. ಹೋದ ವರ್ಷವೂ ಎಂದಿನಂತೆ ಪ್ರಾಣಿವೈದ್ಯೆ ಇಂಗ್ರಿಡ್‌ಳ ಹತ್ತಿರ ಒಯ್ದೆವು. ಅವಳು ನಮ್ಮ ಕಣ್ಣೆದುರೇ ಬೆಳೆದ ಹುಡುಗಿ. ಅವಳಪ್ಪ ನಮ್ಮ ಕೊಟ್ಟಿಗೆಯಲ್ಲಿ ಉಣ್ಣೆ ಕತ್ತರಿಸುತ್ತಿದ್ದ.

"ಮೆರ್ವ್ ಅಂಕಲ್, ಈ ಸಲ ಹಿಂಗಾಲಿಗೆ ಹಾಕ್ತೀನಿ, ಆದಷ್ಟು ಕೆಳಗೆ" ಅಂದಳು.

"ಯಾಕಮ್ಮಾ, ಕುತ್ತಿಗೆಗೇನಾಗಿದೆ?"

"ಅಪರೂಪಕ್ಕೆ ಕೆಲವು ಬೆಕ್ಕಿಗೆ ಚುಚ್ಚಿದ ಜಾಗದಲ್ಲೇ ಕೆಟ್ಟ ಗಂಟು ಬೆಳೆಯುತ್ತೆ. ಸಾವಿರಾರು ಬೆಕ್ಕಲ್ಲಿ ಒಂದಕ್ಕೆ. ಕಾಲಲ್ಲಾದ್ರೆ ಕಾಲು ತೆಗೆದು ಬೆಕ್ಕನ್ನ ಉಳಿಸ್ಕೋಬಹುದು. ಕುತ್ತಿಗೆ ತೆಗೆಯೋಕಾಗಲ್ವಲ್ಲ."

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. "ಮುಂದೆ ಕತ್ತರಿಸೋಕೆ ಅನುಕೂಲ ಆಗ್ಲಿ ಅಂತ ಈಗ ಕಾಲಿಗೆ ಚುಚ್ಚೋ ಡಾಕ್ಟರನ್ನ ಇವತ್ತೇ ಕಂಡಿದ್ದು ನಾನು! ಮಗೂ, ನೀನು ಉಣ್ಣೆ ಮೂಟೆ ಮೇಲೆ ಬೆರಳು ಚೀಪ್ಕೊಂಡು ಮಲಗ್ತಿದ್ದಾಗಿಂದ ನಾನು ಸೂಜಿ ಹಿಡಿದೋನು. ನಡೆಯೋ ಕಾಲನ್ನ ನೋಯಿಸಬೇಡ. ಕುತ್ತಿಗೆಗೆ ಹಾಕು."

ಇಂಗ್ರಿಡ್ ನೆರಿಡಾಳ ಮುಖ ನೋಡಿದಳು. ನೆರಿಡಾ ಭುಜ ಹಾರಿಸಿದಳು. ಹುಡುಗಿ ಇನ್ನೂ ಒಂದೆರಡು ಮಾತು ಹೇಳಿದಳು, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಕುತ್ತಿಗೆಗೇ ಚುಚ್ಚಿದಳು.

"ಗಂಟು ಬಂದು ಬೆಳೀತಾನೇ ಇದ್ರೆ ತಿಂಗಳೊಳಗೆ ಬನ್ನಿ ಅಂಕಲ್. ಮಾತು ಕೊಡಿ."

"ಕೊಟ್ಟೆ, ಕೊಟ್ಟೆ."

ಗಂಟು ಕ್ರಿಸ್ಮಸ್ ಹೊತ್ತಿಗೆ, ನಮ್ಮಲ್ಲಿ ಬೇಸಿಗೆ ಶುರುವಾಗುವಾಗ, ಬಂತು. ತೊಡೆಯ ಮೇಲೆ ಮಲಗಿದ್ದವನ ಕುತ್ತಿಗೆ ಕೆರೆಯುತ್ತಿದ್ದಾಗ ಬೆರಳಿಗೆ ಸಿಕ್ಕಿತು. ಚಿಕ್ಕದು, ಗಟ್ಟಿ. "ನೆರಿಡಾ, ನೋಡೇ ಇಲ್ಲಿ, ಮದ್ದು ಹಿಡಿದಿದೆ" ಎಂದು ಕೂಗಿ ತೋರಿಸಿದೆ. ಅವಳು ಮುಟ್ಟಿ ನೋಡಿ ಹುಬ್ಬು ಗಂಟಿಕ್ಕಿದಳು.

"ಇಂಗ್ರಿಡ್‌ಗೆ ತೋರಿಸೋಣ."

"ಸಾವಿರ ಕುರಿಗೆ ಸಾವಿರ ಗಂಟು ಎಬ್ಬಿಸಿದೋನು ನಾನು. ಒಂದಾದ್ರೂ ಸತ್ತಿದೆಯಾ?"

"ಅವನು ಕುರಿಯಲ್ಲ ಮೆರ್ವ್."

"ಕುರಿಗಿಂತ ಗಟ್ಟಿ ಅವನು."

ಅವಳು ಮತ್ತೆ ಮತ್ತೆ ಕೇಳಿದಳು, ನಾನು ಮತ್ತೆ ಮತ್ತೆ ಕುರಿಯ ಕತೆ ಹೇಳಿದೆ. ಬೇಸಿಗೆಯೆಲ್ಲ ಹಾಗೇ ಕಳೆಯಿತು. ಈಸ್ಟರ್ ಹೊತ್ತಿಗೆ ಗಂಟು ಏಪ್ರಿಕಾಟ್ ಹಣ್ಣಿನಷ್ಟಾಗಿತ್ತು, ಮುಟ್ಟಿದರೆ ಪಾದ್ರಿ ತಲೆ ತಿರುಗಿಸುತ್ತಿದ್ದ. ಆಗ ಕುರಿಯ ಕತೆ ಬಿಟ್ಟು ಅವನನ್ನು ಬುಟ್ಟಿಯಲ್ಲಿ ಒಯ್ದೆವು. ಇಂಗ್ರಿಡ್ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದಳು. ಫಲಿತಾಂಶ ಬಂದ ದಿನ ನಮ್ಮನ್ನು ಕೂರಿಸಿ ಹೇಳಿದಳು: ಅದೇ ಕೆಟ್ಟ ಗಂಟು. ಇಲ್ಲಿ ಆಗುವ ಕೆಲಸವಲ್ಲ, ಅಡಿಲೇಡಿನ ಪ್ರಾಣಿಗಳ ಆಸ್ಪತ್ರೆಯಲ್ಲಿ ಅಗಲಕ್ಕೆ, ಆಳಕ್ಕೆ, ಭುಜದ ಮೂಳೆಯ ತುದಿಯನ್ನೂ ಸೇರಿಸಿ ಕೊಯ್ಯಬೇಕು. ಬೇಗ ಹೋದರೆ ಉಳಿಯಬಹುದು. ಕಾಲಿಗೆ ಹಾಕುತ್ತೇನೆಂದಿದ್ದೆನಲ್ಲ ಎಂದು ಒಂದು ಮಾತು ಆಡಲಿಲ್ಲ. ಆಡಿ, ನಾಲ್ಕು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

"ನಾಳೆನೇ ಹೊರಡೋಣ" ಅಂದೆ ಕಾರಿನಲ್ಲಿ.

ನೆರಿಡಾ ಕೀಲಿ ತಿರುಗಿಸಲಿಲ್ಲ. ಸ್ಟಿಯರಿಂಗ್ ಮೇಲೆ ಕೈಯಿಟ್ಟು ಮುಂದೆ ನೋಡುತ್ತಾ ಕೂತಳು. "ಅಂಗಿ ತೋಳು ಮಡಚು" ಅಂದಳು.

ಈ ಜಗಳ ಹಳೆಯದು. ನನ್ನ ಎಡಗೈಯ ಒಳಭಾಗದಲ್ಲೂ ಒಂದು ಗಂಟಿತ್ತು, ನೇರಳೆ ಬಣ್ಣದ್ದು. ಹಿಂದೆ ಮರಿಗಳಿಗೆ ಲಸಿಕೆ ಹಾಕುವಾಗ ಒಂದು ಮರಿ ಒದ್ದಾಡಿ ಸೂಜಿ ನನಗೇ ನಾಟಿತ್ತು. ಆ ಮದ್ದು ಮನುಷ್ಯನಿಗೆ ತಾಗಿದರೆ ಕೂಡಲೇ ಆಸ್ಪತ್ರೆಗೆ ಓಡಬೇಕು ಅನ್ನುತ್ತಾರೆ. ಕೊಟ್ಟಿಗೆ ತುಂಬ ಮರಿ ಬಿಟ್ಟು ಯಾರು ಓಡುತ್ತಾರೆ? ಉಗುಳು ಸವರಿಕೊಂಡು ಕೆಲಸ ಮುಂದುವರಿಸಿದ್ದೆ, ಅವಳಿಗೂ ಹೇಳಿರಲಿಲ್ಲ. ಆಮೇಲೆ ಹೇಳಿದಾಗ ಅವಳು ನಂಬಲಿಲ್ಲ. ಅವಳ ಅಣ್ಣ ಟಾಸ್ ಬೆನ್ನ ಮೇಲಿನ ಮಚ್ಚೆಯನ್ನು ಬಿಸಿಲಿನದು ಬಿಸಿಲಿನದು ಎನ್ನುತ್ತಲೇ ಕ್ಯಾನ್ಸರಿನಿಂದ ಮಣ್ಣಿಗೆ ಹೋದವನು.

"ಇದು ಸೂಜಿ ಗಂಟು ಕಣೇ. ಎಷ್ಟು ಸಲ ಹೇಳಲಿ?"

"ಪಾದ್ರಿದೂ ಸೂಜಿ ಗಂಟೇ ಅಂದೆ ನೀನು."

ನಾನು ಅಂಗಿಯ ತೋಳನ್ನು ಮಣಿಕಟ್ಟಿನ ತನಕ ಎಳೆದುಕೊಂಡೆ.

"ಕೇಳು" ಅಂದಳು. "ಪಾದ್ರಿ ಹಡಗು ಹತ್ತೋ ದಿನ ನೀನೂ ಹತ್ತಬೇಕು. ಅವನನ್ನ ಅವನ ಡಾಕ್ಟರ್ ನೋಡ್ಲಿ, ನಿನ್ನನ್ನ ನಿನ್ನ ಡಾಕ್ಟರ್ ನೋಡ್ಲಿ. ನೀನು ತೋಳು ತೋರಿಸಲ್ಲ ಅಂದ್ರೆ ಅವನೂ ಹೋಗಲ್ಲ."

"ಬೆಕ್ಕಿನ ಜೀವ ಇಟ್ಕೊಂಡು ಆಟ ಆಡ್ತೀಯೇನೇ?"

"ನನ್ನ ಮಾತು ನೀನು ಕೇಳಲ್ಲ. ಅವನ ಮಾತಾದ್ರೂ ಕೇಳ್ತೀಯೇನೋ ನೋಡ್ತೀನಿ."

ಬೆದರಿಕೆ ಅಷ್ಟೆ, ಎರಡು ದಿನದಲ್ಲಿ ತಣ್ಣಗಾಗುತ್ತಾಳೆ ಅಂದುಕೊಂಡೆ. ಆಗಲಿಲ್ಲ. ಟಾಸ್‌ನ ಶವದ ಮುಂದೆ ಕಣ್ಣೀರು ಹಾಕದೆ ಹಲ್ಲು ಕಚ್ಚಿ ನಿಂತಿದ್ದಳಲ್ಲ, ಅದೇ ಮುಖ ಹೊತ್ತು ಮನೆಯಲ್ಲಿ ಓಡಾಡಿದಳು. ಕಣ್ಣು ಮಂಜಾದ ಮೇಲೆ ನನ್ನ ಲೈಸೆನ್ಸು ಮನೆಯ ಸುತ್ತಮುತ್ತಲಿಗಷ್ಟೇ, ಬಂದರಿನ ದಾರಿಯೂ ಅದರಲ್ಲಿಲ್ಲ. ನಾಚಿಕೆ ಬಿಟ್ಟು ಕೋಲ್‌ನ ಬೇಲಿಗೆ ಹೋದೆ.

"ಪೆನ್ನೆಶಾ ಬಂದರಿಗೆ, ಹಡಗಿನ ತನಕ ಬಿಟ್ಟುಬಿಡೋ. ಆಚೆ ಕಡೆ ಬಸ್ಸೋ ಕಾರೋ ನಾನು ನೋಡ್ಕೋತೀನಿ."

ಅವನು ಟೋಪಿ ಹಿಂದಕ್ಕೆ ತಳ್ಳಿ ನಿಂತ. ಅಂದು ಅವನ ಬಾಯಲ್ಲಿ ಪಾದ್ರಿಯ ತಮಾಷೆ ಬರಲಿಲ್ಲ. "ನೆರಿಡಾ ಬೆಳಗ್ಗೇನೇ ಫೋನ್ ಮಾಡಿದ್ಲು ಮಾರಾಯ. ನಿನ್ನನ್ನ ಬೆಕ್ಕಿನ ಸಮೇತ ಕರ್ಕೊಂಡು ಹೋದ್ರೆ ನನ್ನ ಚರ್ಮ ಸುಲಿದು ಬೇಲಿಗೆ ಒಣಹಾಕ್ತಾಳಂತೆ. ಬರೀ ನಿನ್ನನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗೋದಾದ್ರೆ ಈಗಲೇ ಗಾಡಿ ತೆಗೀತೀನಿ. ತೋರಿಸ್ಕೊಂಡು ಬಂದುಬಿಡೋ. ಏನು ಕಳ್ಕೋತೀಯ?"

ಏನು ಕಳೆದುಕೊಳ್ಳುತ್ತೇನೆ? ಹೇಳಿಯೇ ಬಿಡುತ್ತೇನೆ. ನನಗೆ ಹೆದರಿಕೆಯಾಗಿತ್ತು. ಪಾದ್ರಿಯ ಗಂಟಿನ ವಿಷಯದಲ್ಲಿ ನನ್ನ ಕುರಿಶಾಸ್ತ್ರ ಕೈಕೊಟ್ಟ ಮೇಲೆ ತೋಳಿನ ಗಂಟಿನ ಮೇಲೂ ನಂಬಿಕೆ ಹೋಗಿತ್ತು. ಬಾಯಲ್ಲಿ ಸೂಜಿ ಸೂಜಿ ಅನ್ನುತ್ತಿದ್ದೆ, ಅಂಗಿಯ ತೋಳಿನೊಳಗೆ ಟಾಸ್‌ನ ಸಾವು ಕೂತಿದೆ ಅನ್ನಿಸುತ್ತಿತ್ತು. ತೋರಿಸಿದರೆ ತಿಳಿದುಬಿಡುತ್ತದೆ. ತಿಳಿಯದಿದ್ದರೆ ಇನ್ನೊಂದು ಸಲ ಮರಿ ಹಾಕುವ ಕಾಲ, ಇನ್ನೊಂದು ಸಲ ಉಣ್ಣೆ ತೆಗೆಯುವ ಕಾಲ, ಹೀಗೇ ತಳ್ಳಬಹುದು. ಇದನ್ನು ನೆರಿಡಾಳಿಗೆ ಹೇಳಲಾಗಲಿಲ್ಲ. ಹೇಳಿದ್ದರೆ ಅವಳು ಕೈ ಹಿಡಿದುಕೊಳ್ಳುತ್ತಿದ್ದಳೋ ಏನೋ.

ಅಷ್ಟರಲ್ಲಿ ಕುರಿಗಳು ಮರಿ ಹಾಕತೊಡಗಿದವು, ನನಗೆ ನೆಪ ಸಿಕ್ಕಿತು. ಮಳೆಗಾಳಿಯಲ್ಲಿ ಹೊಲ ಸುತ್ತುವುದು, ತಾಯಿ ಬಿಟ್ಟ ಮರಿಗೆ ಹಾಲು ಕುಡಿಸುವುದು. ಒಳಗೆ ಬಂದರೆ ಮೂರೂ ಜನ ಒಂದೇ ಕೋಣೆಯಲ್ಲಿ ಒಬ್ಬರನ್ನೊಬ್ಬರು ಕಾಯುತ್ತಾ ಕೂರುತ್ತಿದ್ದೆವು. ನಾನು ಅವಳು ಸೋಲಲಿ ಎಂದು, ಅವಳು ನಾನು ಸೋಲಲಿ ಎಂದು. ಪಾದ್ರಿ ಯಾರು ಸೋತರೆ ತನಗೇನೆಂಬಂತೆ ಕಿಟಕಿಯ ಪಂಜರದಲ್ಲಿ ಕೂತು ಮಳೆ ನೋಡುತ್ತಿದ್ದ. ಇಂಗ್ರಿಡ್ ಫೋನ್ ಮಾಡಿದರೆ ನೆರಿಡಾ "ಬರ್ತೀವಿ ಮಗೂ, ಮರಿ ಹಾಕೋದು ಮುಗೀಲಿ" ಎಂದು ಇಟ್ಟುಬಿಡುತ್ತಿದ್ದಳು. ಇಟ್ಟಮೇಲೆ ಪಂಜರದ ಹತ್ತಿರ ಹೋಗಿ ಪಾದ್ರಿಯ ತಲೆ ಸವರುವುದು ನನಗೆ ಕಾಣುತ್ತಿತ್ತು. ಕಂಡರೂ ನಾನು ಜಗ್ಗಲಿಲ್ಲ, ಅವಳೂ ಜಗ್ಗಲಿಲ್ಲ. ಮನೆಯೇ ಬೋನಾಯಿತು ನಮಗೆ.

ಒಂದು ಸಂಜೆ ಬೂಟು ಬಿಚ್ಚಿ ಕೂತೆ. ಪಾದ್ರಿ ಕುರ್ಚಿಯ ಬುಡಕ್ಕೆ ಬಂದು, ಮೇಲೆ ನೋಡಿ, ಹಿಂಗಾಲು ಮಡಿಸಿ ಹಾರುವುದಕ್ಕೆ ಸಿದ್ಧನಾದ. ಹಾರಲಿಲ್ಲ. ಮತ್ತೆ ಮಡಿಸಿದ, ಮತ್ತೆ ಆಗಲಿಲ್ಲ. ಕಡೆಗೆ ನನ್ನ ಬೂಟಿನ ಮೇಲೆಯೇ ಮೈ ಚೆಲ್ಲಿದ. ನನ್ನ ಕಣ್ಣಲ್ಲಿ ನೀರು ಬಂತು.

"ಹಡಗಿಗೆ ಫೋನ್ ಮಾಡು" ಅಂದೆ. "ನನ್ನ ಡಾಕ್ಟರಿಗೂ ಮಾಡು."

ನೆರಿಡಾ ಒಲೆಯ ಮೇಲಿನದನ್ನು ಹಾಗೇ ಬಿಟ್ಟು ಫೋನಿಗೆ ಓಡಿದಳು.

ಅಡಿಲೇಡಿನಲ್ಲಿ ಮೊದಲು ನನ್ನ ಸರದಿ ಮುಗಿಯಿತು. ಡಾಕ್ಟರಮ್ಮ ಗಂಟು ಕಿತ್ತು ಹೊಲಿಗೆ ಹಾಕಿ, ಫಲಿತಾಂಶ ಬಂದಾಗ ಫೋನ್ ಮಾಡುತ್ತೇನೆ ಅಂದರು. ಅಲ್ಲಿಂದ ಪ್ರಾಣಿಗಳ ಆಸ್ಪತ್ರೆಗೆ ಹೋದೆವು. ಪಾದ್ರಿಯನ್ನು ಒಳಗೆ ಒಯ್ದು ಮೈಯೊಳಗಿನ ಚಿತ್ರಗಳನ್ನೆಲ್ಲ ತೆಗೆದರು. ಶಸ್ತ್ರಚಿಕಿತ್ಸೆಯವನು ಒಳ್ಳೆಯ ಮನುಷ್ಯ, ಮೆಲ್ಲಗೆ ಮಾತಾಡಿದ. ಗಂಟು ಬೆನ್ನುಮೂಳೆಯನ್ನು ಕಚ್ಚಿಕೊಂಡಿದೆ, ಶ್ವಾಸಕೋಶದಲ್ಲೂ ಕಾಣುತ್ತಿದೆ, ಕೊಯ್ದು ಪ್ರಯೋಜನವಿಲ್ಲ ಅಂದ.

"ಈಸ್ಟರ್ ಆದ ಕೂಡಲೇ ಬಂದಿದ್ರೆ?" ನೆರಿಡಾ ಕೇಳಿದಳು.

ಅವನು ಸುಳ್ಳು ಹೇಳಬಹುದಿತ್ತು. "ಆಗಿದ್ರೆ ಪ್ರಯತ್ನ ಮಾಡ್ತಿದ್ದೆ. ಉಳಿಯೋ ಸಾಧ್ಯತೆ ಇತ್ತು" ಅಂದುಬಿಟ್ಟ.

ಪಾದ್ರಿ ನನ್ನ ತೊಡೆಯ ಮೇಲೆಯೇ ಹೋದ. ನೋವಿಲ್ಲದೆ ಕಳಿಸಿಕೊಡುವ ಆ ಕಡೆಯ ಸೂಜಿಯನ್ನು ಕಾಲಿಗೆ ಹಾಕಿದರು.

ಮರಳುವಾಗ ಹಡಗಿನಲ್ಲಿ ನೆರಿಡಾ ಖಾಲಿ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಕೆಳಗಿಡು ಅಂದರೆ ಇಡಲಿಲ್ಲ.

"ಕುತ್ತಿಗೆಗೆ ಹಾಕು ಅಂತ ಬಡಿದಾಡಿದೋನು ನಾನು ಕಣೇ. ಬೇಸಿಗೆ ಪೂರ್ತಿ ಸುಮ್ಮನೆ ಕೂರಿಸಿದೋನೂ ನಾನೇ" ಅಂದೆ.

"ನಿನಗೆ ಗೊತ್ತಿರಲಿಲ್ಲ" ಅಂದಳು. "ನನಗೆ ಗೊತ್ತಿತ್ತು. ಗೊತ್ತಿದ್ದೂ ಹಿಡಿದಿಟ್ಟೆ."

ಮನೆಗೆ ಬಂದ ಮೇಲೆ ಅವಳು ಊಟ ಬಿಟ್ಟಳು. ಬಿಟ್ಟಳು ಅಂದರೆ ಬಡಿಸಿಕೊಂಡು ಕೂತು, ತಟ್ಟೆ ಹಾಗೇ ಎತ್ತಿಕೊಂಡು ಹೋಗಿ ನಾಯಿಗೆ ಹಾಕುತ್ತಿದ್ದಳು. ಮಾತಾಡಿಸಿದರೆ ಒಂದೇ ಪದದ ಉತ್ತರ. ನಮ್ಮ ನಡುವೆ ಎಂಥೆಂಥ ಜಗಳ ನಡೆದಿದೆ. ಇಷ್ಟು ವರ್ಷದಲ್ಲಿ ಅವಳು ಬೈಯದೆ ಇದ್ದ ದಿನಗಳೇ ಇಲ್ಲ, ಅದು ನಿಂತುಹೋದಾಗ ನನಗೆ ದಿಕ್ಕು ತೋಚಲಿಲ್ಲ. ಅವಳು ಕಾಯುತ್ತಿದ್ದದ್ದು ಒಂದೇ ಒಂದಕ್ಕೆ. ನನ್ನ ಫೋನು ಸದ್ದು ಮಾಡಿದಾಗಲೆಲ್ಲ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು.

ಫೋನು ಬಂದಾಗ ನಾನು ಹೊಲದಲ್ಲಿದ್ದೆ.

"ಒಳ್ಳೇ ಸುದ್ದಿ" ಅಂದರು ಡಾಕ್ಟರಮ್ಮ. "ಕೆಟ್ಟದ್ದೇನೂ ಇಲ್ಲ. ಕುರಿ ಲಸಿಕೆ ಎಣ್ಣೆ ಒಳಗೆ ಉಳಿದು, ಮೈ ಅದರ ಸುತ್ತ ಗೂಡು ಕಟ್ಟಿದೆ ಅಷ್ಟೆ. ನೀವು ಹೇಳಿದ್ದೇ ಸರಿ. ಇನ್ನು ಬರೋ ಅಗತ್ಯ ಇಲ್ಲ."

ಬದುಕಿದೆ ಎಂದು ಕುಣಿಯಬೇಕಾಗಿತ್ತು. ಒಂದು ಗಳಿಗೆ ಕುಣಿದೆ ಕೂಡ, ಕೈಯಲ್ಲಿದ್ದ ಬಡಿಗೆಯನ್ನು ಆಕಾಶಕ್ಕೆ ಎಸೆದೆ. ಆಮೇಲೆ ಮನೆಯ ಕಡೆ ಕಣ್ಣು ಹೋಯಿತು. ನಾನು ಹೇಳಿದ್ದೇ ಸರಿ. ಮದುವೆಯಾದಂದಿನಿಂದ ನೆರಿಡಾಳ ಎದುರು ನಾನು ಗೆದ್ದ ಜಗಳ ಇದೊಂದೇ, ಅದನ್ನೇ ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಹೇಳಿದರೆ ಪಾದ್ರಿ ಸತ್ತದ್ದು ಏನೂ ಅಲ್ಲದ ಒಂದು ಎಣ್ಣೆ ಗಂಟಿಗಾಗಿ ಎಂದಾಗುತ್ತದೆ. ಆ ಮಾತು ಕೇಳಿದ ಮೇಲೆ ಅವಳು ಬದುಕಿರಬಹುದು, ನನ್ನ ಹೆಂಡತಿಯಾಗಿ ಉಳಿಯುವುದಿಲ್ಲ. ಹೊಲದಿಂದ ಮನೆಗೆ ಬರುವ ದಾರಿ ಅಷ್ಟು ಉದ್ದವಾಗಿ ಎಂದೂ ಕಂಡಿರಲಿಲ್ಲ.

ಅವಳು ಅಡುಗೆಮನೆಯಲ್ಲಿ ಮೇಜು ಹಿಡಿದು ನಿಂತಿದ್ದಳು.

"ಯಾರು ಫೋನ್ ಮಾಡಿದ್ದು?"

"ಡಾಕ್ಟರಮ್ಮ."

"ಹೇಳು."

"ಕೆಟ್ಟದ್ದೇ ಆಗಿತ್ತಂತೆ" ಅಂದೆ. "ಪೂರ್ತಿ ತೆಗೆದಿದಾರಂತೆ. ಇನ್ನು ಸ್ವಲ್ಪ ತಡ ಮಾಡಿದ್ರೆ ಕಷ್ಟವಿತ್ತಂತೆ. ಯಾರು ಕರ್ಕೊಂಡು ಬಂದ್ರೋ ಅವರ ಕಾಲಿಗೆ ಬೀಳಿ ಅಂದ್ರು."

ಕೊನೆಯ ಮಾತು ಹೆಚ್ಚಾಯಿತೇನೋ ಅನ್ನಿಸಿತು. ಅವಳು ಅದನ್ನು ಗಮನಿಸಲಿಲ್ಲ. ಕುರ್ಚಿಯಲ್ಲಿ ಕುಸಿದು, ಮುಖಕ್ಕೆ ಏಪ್ರನ್ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ನಾನು ಬೆನ್ನು ಸವರುತ್ತಾ ನಿಂತೆ. ಅತ್ತು ಮುಗಿದ ಮೇಲೆ ಎದ್ದು ಮೊಟ್ಟೆ ಹುರಿದು ಇಬ್ಬರಿಗೂ ಬಡಿಸಿದಳು, ಪೂರ್ತಿ ತಿಂದಳು. ತಿನ್ನುತ್ತಲೇ "ಮತ್ತೆ ಯಾವಾಗ ತೋರಿಸ್ಬೇಕಂತೆ?" ಅಂದಳು. ಅದನ್ನು ನಾನು ಯೋಚಿಸಿರಲಿಲ್ಲ.

"ಮೂರು ತಿಂಗಳು ಬಿಟ್ಟು" ಅಂದುಬಿಟ್ಟೆ.

ಹೀಗೆ ಶುರುವಾಯಿತು. ಚರ್ಚಿನಲ್ಲಿ, ಅಂಗಡಿಯಲ್ಲಿ, ಕೋಲ್‌ನ ಬೇಲಿಯಲ್ಲಿ ಅವಳು ಎಲ್ಲರಿಗೂ ಹೇಳಿದಳು. ಕೋಲ್ ಕಣ್ಣಲ್ಲಿ ನೀರು ತಂದುಕೊಂಡು ನನ್ನ ಕೈ ಕುಲುಕಿದ. ಇಂಗ್ರಿಡ್ ಬಂದು ಅಪ್ಪಿಕೊಂಡು ಹೋದಳು. ಪಾರ್ಟಿಯಲ್ಲಿ ನನಗೆ ಹೆಂಗಸರು ಕೇಕು ದೊಡ್ಡ ತುಂಡು ಕೊಡುತ್ತಾರೆ. ಆರೋಗ್ಯವಂತನಾಗಿರುವುದು ಇಷ್ಟು ಕಷ್ಟ ಎಂದು ನನಗೆ ಗೊತ್ತಿರಲಿಲ್ಲ.

ಮೂರು ತಿಂಗಳಾದ ಮೇಲೆ ಒಬ್ಬನೇ ಹೋಗಿ ಬರುತ್ತೇನೆಂದೆ. "ಹುಚ್ಚಾ ನಿನಗೆ?" ಎಂದು ಅವಳೇ ಕಾರು ತೆಗೆದಳು. ಹಡಗಿನಲ್ಲಿ ದಾರಿಯುದ್ದಕ್ಕೂ ಅಲೆಯ ಹೊಡೆತಕ್ಕೆ ನನಗೆ ವಾಂತಿ ಬಂತು. ಪಾಪ, ಫಲಿತಾಂಶದ ಹೆದರಿಕೆ ಎಂದು ಬೆನ್ನು ನೀವಿದಳು.

ಇನ್ನು ಮುಂದೆ ತೋರಿಸುವುದು ಅಡಿಲೇಡಿನ ದೊಡ್ಡ ಆಸ್ಪತ್ರೆಯಲ್ಲಿ ಎಂದು ಅವಳಿಗೆ ಹೇಳಿದ್ದೆ. ಅಲ್ಲಿ ಬೆಂಚಿನ ಮೇಲೆ ಪಕ್ಕಪಕ್ಕ ಕೂತೆವು. ಒಬ್ಬೊಬ್ಬರದೇ ಹೆಸರು ಕರೆಯುತ್ತಿದ್ದರು. ನನ್ನ ಹೆಸರು ಆ ಕಟ್ಟಡದಲ್ಲಿ ಯಾರ ಬಳಿಯೂ ಇರಲಿಲ್ಲ. ಅವಳು ಕೌಂಟರಿನ ಕಡೆ ನೋಡತೊಡಗಿದಾಗ ನಾನು ಗಾಬರಿಯಿಂದ ಎದ್ದೆ. "ಕರೆದ್ರು. ನೀನಿಲ್ಲೇ ಇರು, ಅಂಗಿ ಬಿಚ್ಚೋ ಕಡೆ ಹೆಂಗಸರನ್ನ ಬಿಡಲ್ಲ" ಎಂದು ಎದುರಿಗಿದ್ದ ಬಾಗಿಲು ತಳ್ಳಿಕೊಂಡು ಒಳಗೆ ಹೋದೆ. ಆಚೆ ಕಡೆ ಒಂದು ಉದ್ದನೆಯ ಓಣಿ. ಗೋಡೆಗೆ ಒರಗಿಸಿಟ್ಟ ಗಾಲಿಕುರ್ಚಿಯಲ್ಲಿ ಕೂತೆ. ಒಬ್ಬ ನರ್ಸು "ಏನಾದ್ರೂ ಬೇಕಿತ್ತಾ ಅಜ್ಜ?" ಎಂದು ಕೇಳಿದಳು. ಏನೂ ಬೇಡ, ಸ್ವಲ್ಪ ಹೊತ್ತು ಇ‌ಲ್ಲಿ ಕೂರುತ್ತೇನೆ ಅಂದೆ. ಡಾಕ್ಟರು ನೋಡುವುದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕೂತು, ಅಂಗಿಯ ಗುಂಡಿಗಳನ್ನು ಬಿಚ್ಚಿ, ಮತ್ತೆ ಹಾಕಿಕೊಂಡು ಹೊರಗೆ ಬಂದೆ.

ನೆರಿಡಾ ಎದ್ದು ನಿಂತಿದ್ದಳು. "ಏನಂದ್ರು?"

"ಚೆನ್ನಾಗಿದೀನಂತೆ."

ಅವಳು ಎರಡೂ ಕೈಯಿಂದ ನನ್ನ ತೋಳು ಹಿಡಿದುಕೊಂಡಳು. ಜನ ನೋಡುತ್ತಿದ್ದರೂ ಬಿಡಲಿಲ್ಲ.

"ಪಾದ್ರೀನ ಕೊಂದಿದ್ದು ನಾನೇ ಮೆರ್ವ್. ಯಾರು ಏನೇ ಹೇಳ್ಲಿ, ಅದು ನನಗೆ ಗೊತ್ತು. ಆದ್ರೆ ನೀನು ಉಳಿದೆಯಲ್ಲ. ನಿನ್ನ ಗಂಟು ಏನೂ ಅಲ್ಲ ಅಂತೇನಾದ್ರೂ ಆಗಿದ್ರೆ ನಾನು ಮತ್ತೆ ಆ ಮನೆಯೊಳಗೆ ಕಾಲಿಡ್ತಿರಲಿಲ್ಲ."

"ಹಾಗಾಗ್ಲಿಲ್ವಲ್ಲ" ಅಂದೆ.

"ಮುಂದಿನ ಸಲ ಯಾವಾಗಂತೆ?"

"ಇನ್ನು ಮೂರು ತಿಂಗಳಿಗೆ" ಅಂದೆ.